ಹೊಳೆಗೆ ಹೊರಟ ಪಟಗಳ ಚಲುವಯ್ಯ

ಸೂರ್ಯ ಇನ್ನೂ ಹೇಮಾವತಿಯ ಆಚೆ ದಡದ ಮರಗಳ ಹಿಂದೆಯೇ ಇದ್ದಾನೆ. ಹೊಳೆನರಸೀಪುರದ ಸಂತೆ ಬೀದಿಯ ಕೊನೆಯಲ್ಲಿ, ಮೂಡಲಿಗೆ ಮುಖ ಮಾಡಿದ ಪುಟ್ಟ ಅಂಗಡಿಯೊಂದರಲ್ಲಿ ಚಲುವಯ್ಯ ಆಗಲೇ ಬಾಗಿಲನ್ನು ಪೂರ್ತಿ ತೆರೆದು ನೆಲದ ಮೇಲೆ ಕೂತಿದ್ದಾರೆ. ಅವರು ಕಾಯುತ್ತಿರುವುದು ಗಿರಾಕಿಗಲ್ಲ, ಬಿಸಿಲಿಗೆ. ಮುಂದಿನ ಮಣೆಯ ಮೇಲೆ ಹಳೆಯ ಕಾಲದ ಲಕ್ಷ್ಮೀನರಸಿಂಹನ ಪಟವೊಂದು ಅಂಗಾತ ಮಲಗಿದೆ. ಮರದ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಕೈಯಿಂದ ಬರೆದದ್ದು. ಒಡವೆ, ಕಿರೀಟಗಳಿಗೆ ಚಿನ್ನದ ರೇಕು ಅಂಟಿಸಿದ್ದು.

ಮೊದಲ ಬಿಸಿಲು ಹೊಸ್ತಿಲು ದಾಟಿ ಮಣೆಯ ಮೇಲೆ ಅಡ್ಡಡ್ಡವಾಗಿ ಬೀಳುತ್ತದೆ. ಚಲುವಯ್ಯ ಕೆನ್ನೆಯನ್ನು ಮಣೆಗೆ ತಾಗಿಸುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಪಟದ ಮೇಲ್ಮೈಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ನೋಡುತ್ತಾರೆ. ಕಾಗದ ಎಲ್ಲಾದರೂ ಹಲಗೆ ಬಿಟ್ಟು ಎದ್ದಿದ್ದರೆ ಅಲ್ಲೊಂದು ಸಣ್ಣ ನೆರಳು ಕಾಣಬೇಕು.

"ನೆತ್ತಿ ಮ್ಯಾಲಿನ ಬಿಸ್ಲು ಸುಳ್ಳು ಯೋಳ್ತದೆ ಸಾ. ಎಲ್ಲಾ ಸಪಾಟಾಗೈತೆ ಅಂತ ನಂಬಿಸ್ಬುಡ್ತದೆ. ಎಳೆ ಬಿಸ್ಲು ಅಂಗಲ್ಲ. ಎಲ್ಲಿ ಉಬ್ಬೈತೆ, ಎಲ್ಲಿ ಸುಕ್ಕೈತೆ, ಒಂದೂ ಬಚ್ಚಿಡಾಕಿಲ್ಲ" ಎನ್ನುತ್ತಾರೆ.

ಲಕ್ಷ್ಮಿಯ ಎಡಗೆನ್ನೆಯ ಬಳಿ ಅವರ ಕಣ್ಣು ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ನೆರಳಿಲ್ಲ. ಹಿತ್ತಲ ಬಾಗಿಲ ಕಡೆ ತಿರುಗಿ, ಅಂಟು ಕಾಯಿಸುತ್ತಿರುವ ಹೆಂಡತಿಗೆ ಕೇಳುವಂತೆ "ಮಲ್ಲಿಗೀ, ಕೂತ್ಕಂಡ್ಳು ಕಣೇ!" ಎಂದು ಕೂಗುತ್ತಾರೆ. ಎದ್ದ ಕಾಗದ ಮತ್ತೆ ಹಲಗೆ ಹಿಡಿಯುವುದಕ್ಕೆ ಅವರ ಕಸುಬಿನಲ್ಲಿ 'ಕೂರುವುದು' ಎನ್ನುತ್ತಾರೆ. ನರಸಿಂಹನ ತೊಡೆಯ ಮೇಲೆ ಲಕ್ಷ್ಮಿ ಮತ್ತೆ ನೆಟ್ಟಗೆ ಕೂತಿದ್ದಾಳೆ. ಒಲೆಯ ಮುಂದಿನಿಂದ ಮಲ್ಲಿಗಮ್ಮನ ಉತ್ತರ ಬರುತ್ತದೆ: "ಕೂತ್ರೆ ಸರಿ. ಈ ಕಿತ ಎಷ್ಟು ದಿನ ಕೂರಕ್ಕೆ ಬುಡ್ತಾರೋ ನೋಡುವ."

ಊರಿನ ಬಾಯಲ್ಲಿ ಇವರು 'ಕಟ್ಟಿನ ಚಲುವ'. ಪಟಗಳಿಗೆ ಮರದ ಕಟ್ಟು ಹಾಕುವವನು ಎಂದಷ್ಟೇ ಜನ ಬಲ್ಲರು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದಲೂ ಪಟಗಳನ್ನು ಹೊತ್ತು ತರುತ್ತಾರೆ, ಕಟ್ಟು ಹಾಕಿಸಿಕೊಂಡು ಹೋಗುತ್ತಾರೆ. ಕಟ್ಟು ಹಾಕುವ ಮುಂಚೆ ಆ ಕಾಗದಕ್ಕೆ ಆದ ಉಪಚಾರವೇನು ಎಂದು ಕೇಳಿದವರು ಕಡಿಮೆ. ಹರಿದ ಪಟ, ಮುಖಕ್ಕೆ ಪೆಟ್ಟಾದ ಪಟ 'ಭಿನ್ನ'ವಾಯಿತು ಎಂದು ಲೆಕ್ಕ. ಭಿನ್ನವಾದದ್ದನ್ನು ಪೂಜೆಗೆ ಇಡುವಂತಿಲ್ಲ. ಅದನ್ನು ಹೊಳೆಗೆ ಬಿಡಬೇಕು, ಇಲ್ಲವೇ ಅರಳಿಮರದ ಬುಡಕ್ಕಿಟ್ಟು ಕೈಮುಗಿದು ಬರಬೇಕು. ಪೂಜೆಯ ಕೋಣೆಗೂ ಹೊಳೆಗೂ ನಡುವೆ ಅಡ್ಡ ಕೂತವರು ಚಲುವಯ್ಯ.

ದೇವರ ಪಟಕ್ಕೆ ಗೆದ್ದಲಿಗಿಂತ ದೊಡ್ಡ ಶತ್ರು ಭಕ್ತರೇ. ಈ ಮಾತನ್ನು ಚಲುವಯ್ಯ ಬಾಯಿಬಿಟ್ಟು ಆಡುವವರಲ್ಲ, ಆದರೆ ಅವರ ಅಂಗಡಿಯಲ್ಲಿ ಅರ್ಧ ದಿನ ಕೂತರೆ ಯಾರಿಗೂ ಗೊತ್ತಾಗುತ್ತದೆ. ಒಂದು ಪಟದ ಪಾದವೇ ಇಲ್ಲ, ದಿನಾ ಕುಂಕುಮ ಒತ್ತಿ ಒತ್ತಿ ಕಾಗದ ಸವೆದುಹೋಗಿದೆ. ಇನ್ನೊಂದರ ಹಿಂದೆ ಒದ್ದೆ ಹೂವು ಸಿಕ್ಕಿಸಿ ಬೂಸ್ಟು ಬಂದಿದೆ. ಮತ್ತೊಂದರಲ್ಲಿ ದೀಪದ ಹೊಗೆ ಕುಡಿದು ಕೃಷ್ಣ ಯಾರು, ಹಸು ಯಾವುದು ಎಂದು ಹುಡುಕಬೇಕು. ಹೊಗೆಯ ಮಸಿ ತೆಗೆಯಲು ಅವರು ನೀರು ಮುಟ್ಟಿಸುವುದಿಲ್ಲ. ಬೇಕರಿಯಿಂದ ತಂದ ನಿನ್ನೆಯ ಬನ್ನಿನ ತಿರುಳನ್ನು ಉಂಡೆ ಮಾಡಿ, ಪಟದ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಉಂಡೆ ಕಪ್ಪಾಗುತ್ತದೆ, ಕೃಷ್ಣ ನೀಲಿಯಾಗುತ್ತಾನೆ. "ನಮ್ಮನೇಲಿ ದ್ಯಾವ್ರುಗಳು ಬನ್ನು ತಿಂತವೆ, ನಾವು ಮುದ್ದೆ ತಿಂತೀವಿ" ಎಂದು ಮಲ್ಲಿಗಮ್ಮ ನಗುತ್ತಾರೆ.

ಚಲುವಯ್ಯ ಹುಟ್ಟಿದ್ದು ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿಯಲ್ಲಿ, ಊರು ಮುಟ್ಟದೆ ದೂರವಿಟ್ಟ ಕೇರಿಯಲ್ಲಿ. ಅಲ್ಲಿನ ಜೋಡಿ ಗುಡಿಗಳ ಕಲ್ಲುಕೆಲಸ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರೂ ಕೇರಿಯ ಹುಡುಗರು ಹೊರಗಿನ ಬಯಲಿನಿಂದಲೇ ನೋಡಬೇಕಿತ್ತು. ಆದರೆ ಅರಳಿಮರದ ಬುಡಕ್ಕೆ ಯಾವ ಬಾಗಿಲೂ ಇರಲಿಲ್ಲ. ಭಿನ್ನವಾದವೆಂದು ಜನ ಬಿಟ್ಟುಹೋದ ಪಟಗಳು ಅಲ್ಲಿ ಮಳೆ, ಬಿಸಿಲಿಗೆ ಬಿದ್ದಿರುತ್ತಿದ್ದವು. ಸರಸ್ವತಿಯ ಅರ್ಧ ವೀಣೆ, ಗಣಪತಿಯ ಒಂದು ಕಿವಿ. ಅವನ್ನು ಎತ್ತಿಕೊಂಡರೆ ಬೈಯುವವರಿಲ್ಲ, ಏಕೆಂದರೆ ಅವು ಯಾರ ದೇವರೂ ಅಲ್ಲ. ಚೂರುಗಳನ್ನು ರಾಗಿ ಗಂಜಿಯಲ್ಲಿ ಅಂಟಿಸಲು ನೋಡಿ, ಅದು ಹಿಡಿಯದೆ, ಇರುವೆ ಮುತ್ತಿ, ಹುಡುಗ ಅತ್ತದ್ದೂ ಉಂಟು.

ಮುಂದೆ ಹಾಸನದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಚನ್ನಬಸವಯ್ಯನವರ ಅಂಗಡಿಗೆ ಕಸ ಗುಡಿಸಲು ಸೇರಿದರು. ಅಂಟು ಕಾಯಿಸುವವನು ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದ. ಯಜಮಾನರು ಪೊರಕೆ ಹಿಡಿದಿದ್ದ ಚಲುವಯ್ಯನನ್ನೇ ಕರೆದು ಒಲೆಯ ಮುಂದೆ ಕೂರಿಸಿದರು. ಪಕ್ಕದಂಗಡಿಯವರು ಮೂಗು ಮುರಿದಾಗ ಚನ್ನಬಸವಯ್ಯನವರು ಹೇಳಿದ್ದು ಇಷ್ಟೇ: "ಕಾಯಿಸ್ತಿರೋದು ಅಂಟು ಕಣಯ್ಯ, ಅಡುಗೆ ಅಲ್ಲ. ನೀನೇನು ನೆಕ್ಕಬೇಕಾ?" ಅಲ್ಲಿ ಕಲಿತ ಹುಣಸೆ ಬೀಜದ ಅಂಟೇ ಇವತ್ತಿಗೂ ಇವರ ಬಂಡವಾಳ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಕಾಯಿಸುವುದು ಮಲ್ಲಿಗಮ್ಮನ ಪಾಲಿನ ಕೆಲಸ. ಹುಳ ಬಾರದಿರಲೆಂದು ಅದಕ್ಕೆ ಬಜೆ ಬೇರಿನ ಕಷಾಯ ಬೀಳುತ್ತದೆ.

ಬಣ್ಣದ ವಿಷಯದಲ್ಲಿ ಚಲುವಯ್ಯ ಮಹಾ ಹಟಮಾರಿ. ಹೋದ ಕಣ್ಣನ್ನು ಬರೆದುಕೊಡು, ಹೊಸ ಸೀರೆ ಉಡಿಸು ಎಂದು ಗಿರಾಕಿಗಳು ದುಂಬಾಲು ಬೀಳುತ್ತಾರೆ. ಇವರು ಒಪ್ಪುವುದಿಲ್ಲ. ಕಾಗದ ಇಲ್ಲದ ಕಡೆ ಅದೇ ದಪ್ಪದ ಹಳೆಯ ಕಾಗದ ಕೂರಿಸಿ, ಸುತ್ತಲಿನದಕ್ಕೆ ಹೊಂದುವ ತೆಳು ಬಣ್ಣ ಸವರಿ ಕೈಬಿಡುತ್ತಾರೆ. "ಬರೆದೋನು ಬ್ಯಾರೆ. ಅವ್ನು ಬರೆದಿದ್ದು ಬಿದ್ದೋಗದಂಗೆ ಇಡ್ಕಳೋನು ನಾನು. ಅವ್ನ ಕೆಲ್ಸಕ್ಕೆ ನಾನ್ಯಾಕೆ ಕೈ ಆಕ್ಲಿ?"

ಇಷ್ಟೆಲ್ಲ ಆದ ಮೇಲೆ ಒಂದು ಸಂಗತಿಯಿದೆ. ಅದನ್ನು ಹೇಳದಿದ್ದರೆ ಚಲುವಯ್ಯನವರ ಕೆಲಸ ಅರ್ಥವಾಗುವುದಿಲ್ಲ. ಗಿರಾಕಿಗಳು ಪಟವನ್ನು ಇವರ ಕೈಗೆ ಕೊಡುವುದಿಲ್ಲ. ಜಗಲಿಯ ಮೇಲಿಟ್ಟು ಹಿಂದೆ ಸರಿಯುತ್ತಾರೆ; ಇವರು ಎತ್ತಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಇವರು ಜಗಲಿಯ ಮೇಲಿಟ್ಟು ಸರಿಯುತ್ತಾರೆ; ಅವರು ಎತ್ತಿಕೊಳ್ಳುತ್ತಾರೆ. ಮನೆಗೆ ಹೋದೊಡನೆ ಆ ಪಟಕ್ಕೆ ತುಳಸಿ ನೀರು ಚಿಮುಕಿಸಿ ಶುದ್ಧ ಮಾಡುತ್ತಾರೆ, ಕೇರಿಯವನ ಕೈ ತಗುಲಿದೆಯಲ್ಲ! ಇದೆಲ್ಲ ಅಪರಾಧವೆಂದು ಕಾನೂನು ಬಂದು ವರ್ಷಗಳೇ ಆದವು. ಕಾನೂನು ಹಾಸನದ ಕಚೇರಿಯಲ್ಲಿ ಬೆಚ್ಚಗಿದೆ, ತುಳಸಿ ನೀರು ಮನೆಮನೆಯಲ್ಲಿದೆ. ಹೇಳಲು ನಾಚಿಕೆಯಾಗುವ ಮಾತು.

ಚಲುವಯ್ಯ ಮಾತ್ರ ಇದನ್ನು ಕಸುಬಿನ ತೊಡಕಿನಂತೆ ವಿವರಿಸುತ್ತಾರೆ: "ಅವ್ರು ನೀರಾಕೋದು ನನ್ ಕೈಗೆ ಸಾ. ತೊಯ್ಯೋದು ದ್ಯಾವ್ರು."

ಈ ತೊಡಕಿಗೆ ಅವರೇ ಕಂಡುಕೊಂಡ ಉಪಾಯವೊಂದಿದೆ. ಗಾಜಿಗೂ ಮರದ ಕಟ್ಟಿಗೂ ನಡುವಿನ ಸಂದಿಯಲ್ಲಿ, ಜೇನುಮೇಣ ಕುಡಿಸಿದ ಸಣ್ಣ ಬಟ್ಟೆಯ ಪಟ್ಟಿ ಸುತ್ತಲೂ ಕೂರಿಸುತ್ತಾರೆ. ಹೊರಗೆ ಕಾಣುವುದಿಲ್ಲ. ಮೇಲೆ ಎಷ್ಟು ಶುದ್ಧ ಮಾಡಿದರೂ ಹನಿ ಒಳಗಿಳಿಯುವುದಿಲ್ಲ. ಗಿರಾಕಿಗಳಿಗೆ ಇದರ ಸುಳಿವೇ ಇಲ್ಲ; 'ಚಲುವನ ಕಟ್ಟು ಗಟ್ಟಿ' ಎಂದು ಹೊಗಳುತ್ತಾರೆ, ಅಷ್ಟೇ. ಹಾಸನದಲ್ಲಿ ಜವಾನನಾಗಿರುವ ಮಲ್ಲಿಗಮ್ಮನ ತಮ್ಮ ತಮ್ಮಯ್ಯನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅವನು ಬುದ್ಧನ ದಾರಿ ಹಿಡಿದವನು. "ಭಾವಾ, ನಿನ್ ಕೈಗೆ ನೀರಾಕೋರ ದ್ಯಾವ್ರುಗೆ ನೀನ್ಯಾಕೆ ಮೇಣ ಬಳೀಬೇಕು?" ಎಂದು ಬಂದಾಗಲೆಲ್ಲ ಜಗಳ ತೆಗೆಯುತ್ತಾನೆ. ಭಾವನ ಉತ್ತರ ಬದಲಾಗಿಲ್ಲ: "ಹರಿದಿರಾದು ಕಾಗ್ದ ಕಣ್ಲಾ. ಹರಿದಿದ್ದ ನೋಡ್ಕಂಡು ಸುಮ್ನೆ ಕೂರಾಕೆ ನಂಗಾಗಕಿಲ್ಲ." ತಮ್ಮಯ್ಯ ತಂದುಕೊಟ್ಟ ಬುದ್ಧನ ಪಟ ಅಂಗಡಿಯ ಒಳಗೋಡೆಯಲ್ಲಿದೆ. ಅದಕ್ಕೂ ಕಟ್ಟು ಹಾಕಿದ್ದಾರೆ, ಮೇಣ ಹಾಕಿಲ್ಲ.

ಇನ್ನು ಮಣೆಯ ಮೇಲಿರುವ ಲಕ್ಷ್ಮೀನರಸಿಂಹನ ಕಥೆ. ಪಟ ಅರಕಲಗೂಡು ಕಡೆಯ ಹಳ್ಳಿಯೊಂದರ ದೊಡ್ಡ ಹಿಡುವಳಿಯ ಮನೆಯದು. ತಂದವರು ಆ ಮನೆಯ ಹಿರಿಯೆ ಚಿಕ್ಕಲಕ್ಷ್ಮಮ್ಮ. ಕಳೆದ ವರ್ಷ ಮೊದಲ ಸಲ ತಂದಾಗ ಅಂಚೆಲ್ಲ ಹುಳ ತಿಂದಿತ್ತು. ಚಲುವಯ್ಯ ರಿಪೇರಿ ಮಾಡಿ ಗಾಜು ಹಾಕಹೊರಟರೆ ಆಯಮ್ಮ ಬೇಡವೆಂದರು. ಗಾಜಿನ ಮೇಲೆ ಇಟ್ಟ ಕುಂಕುಮ ದೇವರಿಗೆ ತಲುಪುವುದಿಲ್ಲ ಎಂಬುದು ಅವರ ವಾದ. ಗಾಜಿಲ್ಲದಿದ್ದರೆ ಮೇಣಕ್ಕೆ ಜಾಗವೆಲ್ಲಿ? ನೀರು ಹಾಕಬೇಡಿ ಎಂದು ಆಗಲೇ ಹೇಳಬೇಕಿತ್ತು. "ನಾಲ್ಗೆ ಏಳ್ಲಿಲ್ಲ ಸಾ. ನೀರು ಬ್ಯಾಡಿ ಅಂದ್ರೆ, ಯಾಕಾಕ್ತೀರಿ ಅಂತ ಕೇಳ್ದಂಗೆ ಆಯ್ತದಲ್ವಾ?"

ಈ ಮಾಘದಲ್ಲಿ ಪಟ ವಾಪಸು ಬಂತು. ಹಲಗೆ ನೀರು ಕುಡಿದು ಸೊಟ್ಟಗಾಗಿತ್ತು. ಚಿನ್ನದ ಕೆಲಸ ಉಬ್ಬಿತ್ತು. ಲಕ್ಷ್ಮಿಯ ಎಡಗೆನ್ನೆಯ ಕಾಗದ ಗುಳ್ಳೆಯಾಗಿ ಎದ್ದು, ಬಿರಿಯುವುದೊಂದೇ ಬಾಕಿ. "ಸೋರ್ತಿತ್ತೇನೋ ಕಣ್ಲಾ ಚಲುವ" ಎಂದರು ಚಿಕ್ಕಲಕ್ಷ್ಮಮ್ಮ, ಇವರ ಮುಖ ನೋಡದೆ. ಚಲುವಯ್ಯ ಪಟವನ್ನು ಬೆಳಕಿಗೆ ಹಿಡಿದರು. ನರಸಿಂಹನ ಕಿರೀಟದ ಪಕ್ಕ, ಆಕಾಶದ ನೀಲಿಯಲ್ಲಿ, ಒಂದು ತುಳಸಿ ದಳ ಒಣಗಿ ಅಂಟಿಕೊಂಡಿತ್ತು. ಸೂರಿನಿಂದ ತುಳಸಿ ಸೋರುವುದಿಲ್ಲ. ಇಬ್ಬರೂ ಅದನ್ನು ನೋಡಿದರು.

ಆಮೇಲೆ ಆಯಮ್ಮ ಜಗಲಿಯ ಅಂಚಿನಲ್ಲಿ ಕೂತೇಬಿಟ್ಟರು. ಲಕ್ಷ್ಮಿಯ ಮುಖ ಒಡೆದರೆ ಪಟ ಭಿನ್ನವೇ ಸರಿ, ಹೊಳೆಗೆ ಬಿಟ್ಟು ಒಂದು ಕ್ಯಾಲೆಂಡರ್ ದೇವರನ್ನು ತಂದು ನೇತುಹಾಕೋಣವೆಂದು ಮಕ್ಕಳು ತೀರ್ಮಾನಿಸಿದ್ದರಂತೆ. ವೈಶಾಖದ ನರಸಿಂಹ ಜಯಂತಿಯೊಳಗೆ ಸರಿಹೋದರೆ ಉಂಟು, ಇಲ್ಲವಾದರೆ ಇಲ್ಲ. "ಚಿಕ್ಕ ಹುಡ್ಗಿಯಾಗಿ ನಾನು ಆ ಮನೆ ಸೇರ್ದಾಗಿಂದ ನನ್ ಮಾತ ಪೂರ್ತಿ ಕೇಳಿರಾದು ಇದೊಂದೇ ಕಣ್ಲಾ. ಅತ್ತೆಗೆ ಯೋಳಕ್ಕಾಗ್ದಿದ್ದು, ಗಂಡಂಗೆ ಯೋಳಕ್ಕಾಗ್ದಿದ್ದು, ಎಲ್ಲಾ ಇದ್ರ ಮುಂದೆ ಯೋಳ್ಕಂಡಿವ್ನಿ. ಎಂಗಾರ ಮಾಡಿ ಉಳಿಸ್ಕೊಡು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಂದಿನಿಂದ ಇಡೀ ಅಂಗಡಿ ಒಂದು ಕೆನ್ನೆಯ ಸುತ್ತ ನಡೆಯಿತು. ಮೊದಲು ಪಟ ನೆರಳಲ್ಲಿ ಆರಬೇಕಿತ್ತು, ಬಿಸಿಲಿಗಿಟ್ಟರೆ ಬಿರುಕು. ಆಮೇಲೆ ಗುಳ್ಳೆಯ ಅಂಚಿನಲ್ಲಿ ಮುಳ್ಳಿನ ಮೊನೆಯಷ್ಟು ದಾರಿ ಮಾಡಿ, ತೆಳು ಅಂಟನ್ನು ಕುಂಚದ ತುದಿಯಿಂದ ಒಳಗಿಳಿಸಿ, ಬಟ್ಟೆ ಸುತ್ತಿದ ನುಣುಪಾದ ಹೊಳೆಗಲ್ಲಿನಿಂದ ಒತ್ತಿ ಹಿಡಿಯಬೇಕು. ಹೆಚ್ಚು ಒತ್ತಿದರೆ ಕೆನ್ನೆ ಒಡೆಯುತ್ತದೆ, ಕಡಿಮೆ ಒತ್ತಿದರೆ ಕೂರುವುದಿಲ್ಲ. ಮಲ್ಲಿಗಮ್ಮ ಆ ದಿನಗಳಲ್ಲಿ ಗಂಡನನ್ನು ಮಾತಾಡಿಸಲೇ ಇಲ್ಲ. ಕೈ ನಡುಗಿದರೆ ಎಂದು ಅವರಿಗೂ ದಿಗಿಲು.

ಕೆನ್ನೆ ಕೂತಿತು. ಆದರೆ ಹಲಗೆಯ ಒಳಗಿನ ತೇವ ಪೂರ್ತಿ ಆರಲು ಇನ್ನೊಂದು ವರ್ಷ ಬೇಕು. ಅಲ್ಲಿಯವರೆಗೆ ಗಾಜು ಹಾಕಿ ಮೇಣ ಬಿಗಿದರೆ ಒಳಗೇ ಬೂಸ್ಟು ಹಿಡಿದು ಪಟ ಹಾಳಾಗುತ್ತದೆ. ಬರಿದೇ ಇಟ್ಟರೆ ತುಳಸಿ ನೀರು. ಇನ್ನೊಮ್ಮೆ ನೀರು ಬಿದ್ದರೆ ಈ ಕಾಗದ ಉಳಿಯುವುದಿಲ್ಲ. ಇಷ್ಟು ವರ್ಷ ಚಲುವಯ್ಯ ಆಡದ ಮಾತನ್ನೆಲ್ಲ ಮೇಣ ಆಡುತ್ತಿತ್ತು. ಈ ಸಲ ಅವರೇ ಬಾಯಿ ಬಿಡಬೇಕು.

ಕೆನ್ನೆ ಕೂತ ಈ ಬೆಳಗ್ಗೆ, ಬಿಸಿಲು ಏರುವ ಹೊತ್ತಿಗೆ ಎತ್ತಿನ ಗಾಡಿ ಬಂದು ನಿಲ್ಲುತ್ತದೆ. ಚಿಕ್ಕಲಕ್ಷ್ಮಮ್ಮ ಇಳಿದು ಬಂದು, ಜಗಲಿಯ ಮೇಲಿನ ಪಟ ನೋಡಿ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಎತ್ತಿಕೊಳ್ಳಲು ಬಗ್ಗಿದಾಗ ಚಲುವಯ್ಯ ಪಟದ ಅಂಚು ಬಿಡುವುದಿಲ್ಲ.

"ಅಮ್ಮಾವ್ರೆ, ತೆಪ್ಪು ತಿಳ್ಕಬ್ಯಾಡಿ. ಇದ್ರ ಮ್ಯಾಲೆ ಇನ್ನೊಂದ್ ತೊಟ್ಟು ನೀರು ಬೀಳಬಾರ್ದು. ಯಾಕ್ ಬೀಳ್ತದೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು." ಅಂಚು ಬಿಟ್ಟು, ಎರಡೂ ಅಂಗೈಗಳನ್ನು ಮುಂದೆ ಚಾಚುತ್ತಾರೆ. "ಶುದ್ದ ಮಾಡ್ಲೇಬೇಕು ಅಂದ್ರೆ ಈಗ್ಲೇ ಇಲ್ಲೇ ನನ್ ಕೈ ಮ್ಯಾಲೆ ಉಯ್ರಿ. ಎಷ್ಟು ಬೇಕಾದ್ರೂ ಉಯ್ರಿ. ಪಟಕ್ಕೆ ಮಾತ್ರ ಬ್ಯಾಡಿ."

ಬಾಗಿಲ ಬಳಿ ಮಲ್ಲಿಗಮ್ಮ ನಿಂತಿದ್ದಾರೆ. ಚಿಕ್ಕಲಕ್ಷ್ಮಮ್ಮ ಆ ಕೈಗಳನ್ನು ನೋಡುತ್ತಾರೆ. ಉಗುರುಗಳ ಸುತ್ತ ಅಂಟು ಒಣಗಿ ಬೆಳ್ಳಗಾಗಿದೆ, ಒಂದು ಬೆರಳ ತುದಿಗೆ ಚಿನ್ನದ ರೇಕಿನ ಚೂರು ಹತ್ತಿದೆ. ಪಟ ಎತ್ತಿಕೊಂಡು ಗಾಡಿಯ ತನಕ ಹೋಗಿ, ಅಲ್ಲಿಂದ ತಿರುಗುತ್ತಾರೆ. "ಜಯಂತಿ ದಿನ ಗಾಡಿ ಕಳಿಸ್ತೀನಿ. ಮೊಳೆ ಒಡೆಯಾಕೆ ನಮ್ಮನೇಲಿ ಯಾರ್ಗೂ ಬರಾಕಿಲ್ಲ. ನೀನೇ ಬಂದು ನೇತಾಕು."

ಜಯಂತಿಯ ದಿನ ಗಾಡಿ ಬರುತ್ತದೆ. ಚಲುವಯ್ಯ ಒಗೆದ ಪಂಚೆ ಉಟ್ಟು, ಸುತ್ತಿಗೆ, ಮೊಳೆ, ಎರಡು ಬೆಂಡಿನ ಚೂರು ಹಿಡಿದು ಹೋಗುತ್ತಾರೆ. ಹೊಸ್ತಿಲಲ್ಲಿ ಹಿರಿಮಗ ದೇವರಾಜು ಅಡ್ಡ ನಿಂತಿದ್ದಾನೆ. "ಅವ್ವಾ, ಇವ್ನು ಒಳಕ್ಕಾ?"

"ಮತ್ತೆ ನೀನೊಡಿತೀಯಾ ಮೊಳೆಯ? ಓದ್ಸಲ ಒಡೆದು ಅರ್ಧ ಗೋಡೆನೇ ಉದುರ್ಸಿದ್ದೆ. ಸರ್ಕೋ ಅತ್ಲಾಗೆ" ಎನ್ನುತ್ತಾರೆ ತಾಯಿ. ದೇವರಾಜು ಗೊಣಗುತ್ತಾನೆ, ಆದರೆ ಸರಿಯುತ್ತಾನೆ.

ದೇವರ ಕೋಣೆಯಲ್ಲಿ ಚಲುವಯ್ಯ ಬೇರೆ ಕಡೆ ಕಣ್ಣು ಹಾಯಿಸದೆ ಕೆಲಸಕ್ಕೆ ತೊಡಗುತ್ತಾರೆ. ದೀಪದ ಹೊಗೆ ತಾಗದ ಕಡೆ ಮೊಳೆ ಹೊಡೆದು, ಗೋಡೆಯ ತಂಪು ಹಲಗೆಗೆ ಹತ್ತದಂತೆ ಹಿಂದಿನ ಎರಡು ಮೂಲೆಗೆ ಬೆಂಡು ಅಂಟಿಸಿ, ಪಟ ನೇತುಹಾಕುತ್ತಾರೆ. ಕುಂಕುಮಕ್ಕೆಂದು ಪಟದ ಕೆಳಗೆ ಒಂದು ಪುಟ್ಟ ಮಣೆ ಇಟ್ಟು, "ಇಲ್ಲಿಟ್ರೂ ತಲುಪ್ತದೆ ಅಮ್ಮಾವ್ರೆ" ಎನ್ನುತ್ತಾರೆ.

ಚಿಕ್ಕಲಕ್ಷ್ಮಮ್ಮ ತುಳಸಿ ನೀರಿನ ಬಟ್ಟಲು ಹಿಡಿದು ಬರುತ್ತಾರೆ. ಎಷ್ಟೋ ವರ್ಷಗಳ ರೂಢಿ. ಉದ್ಧರಣೆಯಲ್ಲಿ ನೀರು ತುಂಬಿಕೊಂಡ ಕೈ ತಾನಾಗಿ ಪಟದತ್ತ ಏಳುತ್ತದೆ. ಚಲುವಯ್ಯನವರ ಕಣ್ಣು ಲಕ್ಷ್ಮಿಯ ಎಡಗೆನ್ನೆಯ ಮೇಲೆ. ಎದ್ದ ಕೈ ಅರ್ಧಕ್ಕೆ ನಿಲ್ಲುತ್ತದೆ. ಆಯಮ್ಮ ನಿಧಾನವಾಗಿ ಈ ಕಡೆ ತಿರುಗುತ್ತಾರೆ.

"ಕೈ ನೀಡು, ಚಲುವಯ್ಯ."

ಆ ಮನೆಯ ಬಾಯಲ್ಲಿ ಅವರ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು. ಅವರು ಅಂಗೈ ಚಾಚುತ್ತಾರೆ. ಪಟಕ್ಕೆ ಬೀಳಬೇಕಿದ್ದ ನೀರು ತೀರ್ಥವಾಗಿ ಅವರ ಅಂಗೈಗೆ ಬೀಳುತ್ತದೆ. ಅದನ್ನು ಅವರು ಒಡನೆ ಕುಡಿಯುವುದಿಲ್ಲ. ಬೆರಳ ಸಂದಿಯಿಂದ ಹನಿ ಸಿಡಿದೀತೆಂದು ಇನ್ನೊಂದು ಕೈಯನ್ನು ಅಡಿಗೆ ಹಿಡಿದು, ಪಟದಿಂದ ದೂರ, ಎದುರಿನ ಗೋಡೆಯ ತನಕ ಹಿಂದಕ್ಕೆ ನಡೆದು, ಅಲ್ಲಿ ನಿಂತು ಕುಡಿಯುತ್ತಾರೆ. ಒದ್ದೆ ಅಂಗೈಯನ್ನು ತಲೆಗೆ ಸವರಿಕೊಳ್ಳುತ್ತಾರೆ. ದೇವರಾಜು ನೆಲ ನೋಡುತ್ತಿದ್ದಾನೆ.

ಮಲ್ಲಿಗಮ್ಮನಿಗೆ ಇದರಲ್ಲಿ ಕುಣಿದಾಡುವಂಥದ್ದು ಏನೂ ಕಂಡಿಲ್ಲ. "ಒಂದ್ ಚಮ್ಚ ನೀರಿಗೆ ನಮ್ಮತ್ತೆ, ಮಾವ ಎಲ್ಲಾ ಕಾದು ಕಾದು ಮಣ್ಣಾದ್ರು. ಈವಯ್ಯ ಗೆದ್ದು ಬಂದೋನಂಗೆ ಆಡ್ತಾನೆ" ಎಂದು ಹುಣಸೆ ಬೀಜ ರುಬ್ಬುತ್ತಲೇ ಗದರುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಆ ದಿನ ಸಂಜೆ ಗಂಡ ಮನೆಗೆ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ ಪಟ ಹೇಗಿದೆ ಎಂದೇ.

ಈಗ ಚಲುವಯ್ಯ ಬೆಳಗಿನ ಬಿಸಿಲಿಗೆ ಇನ್ನೊಂದು ಪಟ ಒಡ್ಡಿ ಕೂತಿದ್ದಾರೆ. ಚನ್ನರಾಯಪಟ್ಟಣದಿಂದ ಬಂದದ್ದು, ಇದಕ್ಕೆ ಗಾಜೂ ಉಂಟು, ಮೇಣವೂ ಉಂಟು. ಮುಂದೇನು ಆಸೆ ಎಂದು ಕೇಳಿದರೆ ಹೊಳೆಗಲ್ಲನ್ನು ಕೈಗೆತ್ತಿಕೊಳ್ಳುತ್ತಾರೆ.

"ಬರೋ ವೈಶಾಖಕ್ಕೆ ಅರಕಲಗೂಡು ಕಡೆ ಓಯ್ತೀನಿ ಸಾ. ಅಷ್ಟೊತ್ಗೆ ಅಲಗೆ ಆರಿರ್ತದೆ. ಧೂಳು ಕೂರದಂಗೆ ಒಂದು ಗಾಜು ಆಕ್ತೀನಿ. ಮೇಣ ಆಕಾಕಿಲ್ಲ." ಹೊಳೆಗಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತಾ, ನಗು ತಡೆದುಕೊಂಡು ಹೇಳುತ್ತಾರೆ. "ಆ ಮನೇಲಿ ಅದು ಬೇಕಾಗಕಿಲ್ಲ."